ಬೋರ್ ದೊಡ್ಡದಾದರೆ ಗುರಿ ದೂರ ಮುಟ್ಟುತ್ತಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ಜೋಡಿ ನಳಿಗೆ ಕೋವಿ ಇದೆ, ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಹೊಡೆದು ಅಭ್ಯಾಸವೂ ಇದೆ. ಈಗ 1000 ಮೀಟರ್ ಹೊಡೆಯುವ ಆಸೆ. .50 ಬೋರಿನ (ಅಂದರೆ ನಳಿಗೆಯ ಒಳಅಗಲ ಅರ್ಧ ಇಂಚು) ರೈಫಲ್ ಒಂದನ್ನು ಬಿಡಿಭಾಗ ತಂದು ಇಲ್ಲೇ ಕಟ್ಟಿಸಿ, ತೋಟಾವನ್ನೂ (ಕಾರ್ಟ್ರಿಜ್) ನಾನೇ ತುಂಬಿಕೊಳ್ಳಬಹುದಾ? ಕೊಡವರಿಗೆ ವಿನಾಯಿತಿ ಇದೆಯಲ್ವಾ?
– ಓದುಗರು, ಗೋಣಿಕೊಪ್ಪ

ಉತ್ತರ: ಬೇಡ, ಖಂಡಿತ ಬೇಡ. ನಿಮ್ಮ ಆಸೆ ತಪ್ಪಲ್ಲ, ದಾರಿ ತಪ್ಪು. 1959ರ ಆಯುಧ ಕಾಯ್ದೆಯಡಿ ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಸಿಕ್ಕಿರುವ ವಿನಾಯಿತಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ಕೋವಿ ತಯಾರಿಸಲು ಅದು ಅನುಮತಿ ಅಲ್ಲ. ಲೈಸೆನ್ಸ್ ಇಲ್ಲದೆ ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು.

ಕಾನೂನು ಒಂದು ಕಡೆ ಇರಲಿ, ಒತ್ತಡದ ಲೆಕ್ಕ ನೋಡಿ. ನಿಮ್ಮ ಜೋಡಿ ನಳಿಗೆ ಕೋವಿ 12 ಬೋರಿನದಾದರೆ, ಅದರ ತೋಟಾ ಸಿಡಿದಾಗ ಒಳಗೆ ಚದರ ಇಂಚಿಗೆ ಸುಮಾರು 11,500 ಪೌಂಡ್ ಒತ್ತಡ ಇರುತ್ತದೆ. .50 ತೋಟಾದಲ್ಲಿ ಅದು ಸುಮಾರು 55,000. ಅಷ್ಟನ್ನು ತಡೆಯುವ ಉಕ್ಕು, ಅದನ್ನು ಹದ ಮಾಡುವ ರೀತಿ, ಬೋಲ್ಟ್ (ತೋಟಾದ ಹಿಂದೆ ಬೀಗದಂತೆ ಮುಚ್ಚುವ ಭಾಗ) ಕೂರುವ ಜಾಗದ ಅಳತೆ, ಇದ್ಯಾವುದೂ ವರ್ಕ್‌ಶಾಪಿನ ಲೇತ್ ಮುಂದೆ ಅಂದಾಜಿನಲ್ಲಿ ಆಗುವ ಕೆಲಸವಲ್ಲ. ಒಡೆದರೆ ಅದು ಒಡೆಯುವುದು ನಿಮ್ಮ ಕೆನ್ನೆಯ ಪಕ್ಕದಲ್ಲಿ. ಇದೇ ಕಾರಣಕ್ಕೆ ಇನ್ನೊಂದು ಮಾತು: ಅಟ್ಟದ ಮೇಲೆ ಹಳೆಯ ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು) ಏನಾದರೂ ಇದ್ದರೆ ಅದಕ್ಕೆ ಈಗಿನ ಹೊಗೆರಹಿತ ಮದ್ದನ್ನು ಎಂದಿಗೂ ಹಾಕಬೇಡಿ. ಕರಿಮದ್ದಿಗಾಗಿ ಮಾಡಿದ ನಳಿಗೆ ಅದು, ಸೀಳಿಹೋಗುತ್ತದೆ.

ಇನ್ನು ನೀವು ನಿಜವಾಗಿ ಕೇಳಬೇಕಿದ್ದ ವಿಷಯಕ್ಕೆ ಬರ್ತೀನಿ. ಬೋರ್ ದೊಡ್ಡದಾದಷ್ಟೂ ಗುರಿ ದೂರ ಮುಟ್ಟುತ್ತದೆ ಅನ್ನೋ ನಂಬಿಕೆ ನಮ್ಮಲ್ಲಿ ಜಾಸ್ತಿ. ಇಂಗ್ಲೆಂಡಿನಲ್ಲಿ 1850ರ ದಶಕದಲ್ಲೇ ಜೋಸೆಫ್ ವಿಟ್ವರ್ತ್ ಇದನ್ನು ಸುಳ್ಳು ಮಾಡಿ ತೋರಿಸಿದ್ದರು. ಆಗ ಸೈನ್ಯದ ಎನ್‌ಫೀಲ್ಡ್ .577 ಬೋರಿನದು. ವಿಟ್ವರ್ತ್ ಬೋರನ್ನು .451ಕ್ಕೆ ಇಳಿಸಿದರು, ಗುಂಡನ್ನು ಉದ್ದ ಮಾಡಿದರು, ಅದು ಬೇಗ ತಿರುಗುವಂತೆ ನಳಿಗೆಯೊಳಗಿನ ಸುರುಳಿಯನ್ನು ಬಿಗಿ ಮಾಡಿದರು. ದೂರದ ಗುರಿಯಲ್ಲಿ ಎನ್‌ಫೀಲ್ಡ್ ಅದರ ಹತ್ತಿರಕ್ಕೂ ಬರಲಿಲ್ಲ. 1860ರಲ್ಲಿ ವಿಂಬಲ್ಡನ್‌ನ ರೈಫಲ್ ಸ್ಪರ್ಧೆಯನ್ನು ರಾಣಿ ವಿಕ್ಟೋರಿಯಾ ಆರಂಭಿಸಿದ್ದೂ ಸ್ಟ್ಯಾಂಡಿಗೆ ಕಟ್ಟಿದ ವಿಟ್ವರ್ತ್ ರೈಫಲ್ಲಿನ ಕುದುರೆಗೆ (ಟ್ರಿಗರ್) ಕಟ್ಟಿದ ರೇಷ್ಮೆ ದಾರ ಎಳೆದು.

ದೂರಕ್ಕೆ ಹೊಡೆಯುವವರು ಬೇರೆ ದೇಶಗಳಲ್ಲಿ ತೋಟಾವನ್ನು ತಾವೇ ತುಂಬಿಕೊಳ್ಳುವುದು ಜಾಸ್ತಿ ಜೋರು ಬರಲಿ ಅಂತ ಅಲ್ಲ. ಒಂದು ತೋಟಾ ಇನ್ನೊಂದರ ಹಾಗೇ ಇರಲಿ ಅಂತ. ಗುಂಡಿನ ವೇಗದಲ್ಲಿ ಸೆಕೆಂಡಿಗೆ 15 ಮೀಟರ್ ವ್ಯತ್ಯಾಸ ಬಂದರೂ ಸಾಕು, 1000 ಮೀಟರ್‌ನಲ್ಲಿ ಗುಂಡು ಒಂದಡಿಗಿಂತ ಜಾಸ್ತಿ ಮೇಲೋ ಕೆಳಗೋ ಬೀಳುತ್ತದೆ. ಅಷ್ಟು ದೂರ ಹೋಗುವಷ್ಟರಲ್ಲಿ ಗುಂಡು ಹತ್ತು ಮೀಟರಿಗಿಂತ ಜಾಸ್ತಿ ಇಳಿದಿರುತ್ತದೆ. ಆದರೆ ಇಳಿತದ ಲೆಕ್ಕ ಸಿಗುತ್ತದೆ, ಗಾಳಿಯದೇ ಕಷ್ಟ. ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿ .308 ಬೋರಿನ ಗುಂಡನ್ನು ಎರಡು ಮೀಟರಿಗಿಂತ ಜಾಸ್ತಿ ಆಚೆ ತಳ್ಳುತ್ತದೆ. .50ರ ಒಳ್ಳೆ ಗುಂಡಾದರೆ ಅದರ ಅರ್ಧದಷ್ಟು. ದೊಡ್ಡ ಬೋರಿನ ಲಾಭ ಇಷ್ಟೇ, ಗಾಳಿ ಓದಲು ಬಾರದವರಿಗೆ ಅದೂ ಇಲ್ಲ. ಬೆಳಿಗ್ಗೆ ಗದ್ದೆಯ ಮೇಲೆ ಮಂಜು ನಿಂತಲ್ಲೇ ನಿಂತಿರುತ್ತದೆ, ಅದೇ ಹೊತ್ತಿಗೆ ಮೇಲಿನ ತೋಟದಲ್ಲಿ ಸಿಲ್ವರ್ ಓಕ್ ತುದಿ ತೂಗಾಡುತ್ತಿರುತ್ತದೆ, ನೋಡಿದ್ದೀರಲ್ವಾ? ಗುಂಡು ಈ ಎರಡನ್ನೂ ದಾಟಿ ಹೋಗಬೇಕು.

ಆಮೇಲೆ, ಹೊಡೆಯೋದು ಎಲ್ಲಿ? .50 ಗುಂಡು ತಡೆಯಿಲ್ಲದಿದ್ದರೆ ಆರು ಕಿಲೋಮೀಟರ್ ದಾಟುತ್ತದೆ. ನಮ್ಮಲ್ಲಿ ಆ ದೂರದೊಳಗೆ ತೋಟದ ಕಾರ್ಮಿಕರ ಎಷ್ಟು ಲೈನ್ ಮನೆ, ಎಷ್ಟು ಜನ ಕಾಫಿ ಕುಯ್ಯುವವರು! ಸಣ್ಣ .22 ಕೂಡ ಒಂದು ಕಿಲೋಮೀಟರಿಗಿಂತ ದೂರ ಹೋಗುತ್ತದೆ.

ಆದ್ದರಿಂದ ರೈಫಲ್ ಅಸೋಸಿಯೇಷನ್ ಸೇರಿ, ರೇಂಜಿನಲ್ಲಿ .22ರಿಂದ 50 ಮೀಟರ್ ಮಲಗಿ ಹೊಡೆಯುವುದನ್ನು ಕಲಿಯಿರಿ. ಅಲ್ಲಿಂದ 300 ಮೀಟರ್ ಬಿಗ್ ಬೋರ್ ಸ್ಪರ್ಧೆ ಇದೆ, ರಾಷ್ಟ್ರೀಯ ಮಟ್ಟದಲ್ಲೂ ನಡೆಯುತ್ತದೆ. ಅಂತರರಾಷ್ಟ್ರೀಯ ನಿಯಮದಲ್ಲಿ ಅದರ ಬೋರಿಗೂ 8 ಮಿಲಿಮೀಟರ್ ಮಿತಿ ಇದೆ, ನೀವು ಹೇಳುವ .50 ಅಂದರೆ 12.7. ತೆಂಗಿನಕಾಯಿಗೆ ಹೊಡೆದ ಕಣ್ಣು ನಿಮ್ಮದು, ಕೈ ನಿಲ್ಲುತ್ತದೆ. ಉಸಿರು ಬಿಟ್ಟು ಕುದುರೆ ಎಳೆಯುವ ಆ ಒಂದು ಕ್ಷಣವನ್ನು .22 ಕಲಿಸಿದಷ್ಟು ಚೆನ್ನಾಗಿ ದೊಡ್ಡ ರೈಫಲ್ ಕಲಿಸಲ್ಲ, ಅದರ ಒದೆತಕ್ಕೆ ಹೆದರಿ ಕಣ್ಣು ಮುಚ್ಚುವುದೇ ಅಭ್ಯಾಸ ಆಗಿಬಿಡುತ್ತದೆ.

ಪ್ರಶ್ನೆ: ಬೆಟ್ಟದ ಮೇಲಿಂದ ಕೆಳಕ್ಕೆ ಹೊಡೆದರೆ ಗುಂಡು ಗುರಿಗಿಂತ ಮೇಲೆ ಬೀಳುತ್ತದೆ ಅಂತಾರೆ. ನಿಜವಾ?
– ಓದುಗರು, ಸೋಮವಾರಪೇಟೆ

ಉತ್ತರ: ನಿಜ. ಕೆಳಗಿಂದ ಮೇಲಕ್ಕೆ ಹೊಡೆದರೂ ಹಾಗೇ. ಭೂಮಿಯ ಸೆಳೆತ ಲೆಕ್ಕಕ್ಕೆ ಬರುವುದು ಹೆಚ್ಚಾಗಿ ಅಡ್ಡಕ್ಕೆ ಎಷ್ಟು ದೂರ ಅನ್ನುವುದರ ಮೇಲೆ. 30 ಡಿಗ್ರಿ ಇಳಿಜಾರಿನಲ್ಲಿ 300 ಮೀಟರ್ ಆಚೆಯ ಗುರಿಗೆ ಸುಮಾರು 260 ಮೀಟರ್ ಅಂತಲೇ ಲೆಕ್ಕ ಹಾಕಬೇಕು. ಮರದ ತುದಿಯ ತೆಂಗಿನಕಾಯಿಗೆ ಇದರ ಚಿಂತೆ ಬೇಡ, ಅಷ್ಟು ಹತ್ತಿರಕ್ಕೆ ಗೊತ್ತೇ ಆಗಲ್ಲ.