ದ್ರಾಕ್ಷಿ ತೋಟದಲ್ಲಿ ಒಂದು ದಿನದ ನಡಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಉಡುಪಿಯವರು. ಹೆಬ್ರಿಯ ಕಡೆ ನಮಗೆ ಅಡಿಕೆ ತೋಟವಿದೆ. ಬಾರ್ಸಿಲೋನಾದಲ್ಲಿರುವ ಮಗಳು ಮತ್ತು ಅಳಿಯ ಬರುವ ಸೆಪ್ಟೆಂಬರಿನಲ್ಲಿ ನಮ್ಮನ್ನು ಕರೆಸಿಕೊಳ್ಳುವವರಿದ್ದಾರೆ. ಅಲ್ಲಿಗೆ ಸಮೀಪದ ಪೆನೆಡೆಸ್ ಎಂಬ ಸೀಮೆಯಲ್ಲಿ ಮಾರ್ಗದರ್ಶಕರ ಜೊತೆ 9 ಕಿಲೋಮೀಟರ್ ನಡೆದು, ಎರಡು ಸಾವಯವ ವೈನರಿಗಳಲ್ಲಿ ವೈನ್ ರುಚಿ ನೋಡಿ, ಅಲ್ಲಿಯೇ ಊಟ ಮಾಡುವ ಒಂದು ದಿನದ ಕಾರ್ಯಕ್ರಮಕ್ಕೆ ನಮ್ಮ ಹೆಸರನ್ನೂ ಕೊಟ್ಟಿದ್ದಾರೆ. ನಮ್ಮ ಯಜಮಾನರು ಮದ್ಯ ಮುಟ್ಟುವವರಲ್ಲ. ನನಗೆ ಕುತೂಹಲವಿದ್ದರೂ ಮಧುಮೇಹಕ್ಕೆ ಮಾತ್ರೆ ನಡೆಯುತ್ತಿದೆ. ಇಬ್ಬರೂ ಸಸ್ಯಾಹಾರಿಗಳು. ನಾವು ಹೋಗುವುದು ಸರಿಯೇ? ಅಲ್ಲಿಯ ಸಾವಯವ ತೋಟಗಳಲ್ಲೂ ಮೈಲುತುತ್ತು (ತಾಮ್ರದ ಸಲ್ಫೇಟ್) ಬಿಡುತ್ತಾರಂತೆ. ಹಾಗಿದ್ದ ಮೇಲೆ ಅದು ಸಾವಯವ ಹೇಗಾಯಿತು ಎಂದು ಯಜಮಾನರು ಕೇಳುತ್ತಿದ್ದಾರೆ.

ಉತ್ತರ: ಧಾರಾಳವಾಗಿ ಹೋಗಬಹುದು, ಹೋಗಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಇದನ್ನು ಕುಡಿಯುವ ಕಾರ್ಯಕ್ರಮವೆಂದು ಎಣಿಸುವುದರಿಂದಲೇ ನಮ್ಮ ಕಡೆಯ ಹಿರಿಯರು ಹಿಂಜರಿಯುತ್ತಾರೆ. ಆದರೆ ದಿನದ ಹೆಚ್ಚಿನ ಹೊತ್ತು ಕಳೆಯುವುದು ದ್ರಾಕ್ಷಿ ಸಾಲುಗಳ ನಡುವಿನ ಮಣ್ಣಿನ ಹಾದಿಯಲ್ಲಿ, ಬಳಿಕ ನೆಲಮಾಳಿಗೆಯಲ್ಲಿ, ಆಮೇಲೆ ಊಟದ ಮೇಜಿನ ಮುಂದೆ. ಗ್ಲಾಸು ಕೈಗೆ ಬರುವುದು ನಡುವೆ ಸ್ವಲ್ಪ ಹೊತ್ತು ಮಾತ್ರ. ತೋಟ ಮಾಡಿ ಗೊತ್ತಿರುವವರಿಗೆ ಅಲ್ಲಿ ಕಾಣುವಷ್ಟು ಸಂಗತಿಗಳು ಬರೀ ವೈನಿನ ರುಚಿ ಅರಸಿ ಬಂದವರಿಗೆ ಕಾಣುವುದಿಲ್ಲ.

ಯಜಮಾನರ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳೋಣ. ನಾವು ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಹುಟ್ಟಿದ್ದೇ ದ್ರಾಕ್ಷಿ ತೋಟದಲ್ಲಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣವನ್ನು ಬಳಿಯುವ ರೂಢಿಯಿತ್ತು. ಹಾಗೆ ಬಳಿದ ಬಳ್ಳಿಗಳ ಎಲೆ ಬೂಜುರೋಗಕ್ಕೆ ಉದುರದೆ ಉಳಿದದ್ದನ್ನು ಅಲ್ಲಿನ ಪ್ರಾಧ್ಯಾಪಕ ಮಿಲಾರ್ಡೆ ಗಮನಿಸಿ, ಪರೀಕ್ಷಿಸಿ, 1885ರಲ್ಲಿ ಪ್ರಕಟಿಸಿದರು. ಮುಂದೆ 20ನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಇದೇ ದ್ರಾವಣವನ್ನು ನಮ್ಮ ತೋಟಗಳಿಗೆ ತಂದರು. ದ್ರಾಕ್ಷಿಯ ಬೂಜುರೋಗ ಮತ್ತು ಅಡಿಕೆಯ ಕೊಳೆರೋಗಗಳ ರೋಗಾಣುಗಳು ಒಂದೇ ದೊಡ್ಡ ಗುಂಪಿಗೆ ಸೇರಿದವು. ಎರಡರ ಬೀಜಕಣಗಳೂ ಎಲೆ, ಕಾಯಿಗಳ ಮೇಲೆ ನಿಂತ ನೀರಿನಲ್ಲಿ ಈಜಿಕೊಂಡು ಹರಡುತ್ತವೆ. ಆದ್ದರಿಂದಲೇ ಒಂದಕ್ಕೆ ಹಿಡಿದ ಮದ್ದು ಇನ್ನೊಂದಕ್ಕೂ ಹಿಡಿಯಿತು.

ಯುರೋಪಿನ ಸಾವಯವ ನಿಯಮ ತಾಮ್ರವನ್ನು ನಿಷೇಧಿಸಿಲ್ಲ, ಆದರೆ ಅದಕ್ಕೆ ಮಿತಿ ಹಾಕಿದೆ. 2019ರಿಂದ ಜಾರಿಯಲ್ಲಿರುವ ಲೆಕ್ಕದಂತೆ ಏಳು ವರ್ಷಗಳಲ್ಲಿ ಒಂದು ಹೆಕ್ಟೇರಿಗೆ 28 ಕಿಲೋ ತಾಮ್ರವನ್ನು ಮೀರುವಂತಿಲ್ಲ; ಅಂದರೆ ಸರಾಸರಿ ವರ್ಷಕ್ಕೆ 4 ಕಿಲೋ. ಇದು ಶುದ್ಧ ತಾಮ್ರದ ತೂಕ. ಮೈಲುತುತ್ತಿನಲ್ಲಿ ತಾಮ್ರ ಇರುವುದು ಸುಮಾರು ಕಾಲು ಭಾಗ ಮಾತ್ರ. ನಮ್ಮ ಅಳತೆಗೆ ಇಳಿಸಿದರೆ ಎಕರೆಗೆ ವರ್ಷಕ್ಕೆ ಸುಮಾರು ಆರೂವರೆ ಕಿಲೋ ಮೈಲುತುತ್ತು ಆಗುತ್ತದೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಹದದಲ್ಲಿ ಆರುನೂರೈವತ್ತು ಲೀಟರ್ ದ್ರಾವಣಕ್ಕಷ್ಟೇ ಸಾಕಾಗುವ ಪ್ರಮಾಣ. ಯಜಮಾನರು ಹೋದ ಮಳೆಗಾಲದಲ್ಲಿ ಎಷ್ಟು ಬ್ಯಾರೆಲ್ ಬಿಟ್ಟಿದ್ದಾರೆ ಎಂಬುದನ್ನು ನೆನಪು ಮಾಡಿಕೊಂಡರೆ ಅಲ್ಲಿಯ ತೋಟಗಾರರು ಎಷ್ಟು ಬಿಗಿಯಾದ ಲೆಕ್ಕದಲ್ಲಿ ಕೆಲಸ ಮಾಡಬೇಕಾಗುತ್ತದೆ ಎಂಬುದು ಅವರಿಗೆ ಕೂಡಲೇ ತಿಳಿಯುತ್ತದೆ. ಈ ಮಿತಿಗೆ ಕಾರಣವೂ ಸರಳವಾಗಿದೆ: ತಾಮ್ರ ಕೊಳೆಯುವ ವಸ್ತುವಲ್ಲ. ಅದು ಮೇಲ್ಮಣ್ಣಿನಲ್ಲಿಯೇ ಉಳಿದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋಗಿ ಎರೆಹುಳು ಮುಂತಾದ ಮಣ್ಣಿನ ಜೀವಿಗಳಿಗೆ ತೊಂದರೆ ಮಾಡುತ್ತದೆ. ನಮ್ಮಲ್ಲಿ ಈ ವಿಷಯದ ಚರ್ಚೆ ಬೇಕಾದಷ್ಟು ನಡೆದಿಲ್ಲ ಎಂಬ ಕೊರಗು ನಮಗಿದೆ.

ಪೆನೆಡೆಸಿಗೆ ಒಂದು ಅನುಕೂಲವಿದೆ. ಅಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 500 ಮಿಲಿಮೀಟರ್. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳೊಂದರಲ್ಲೇ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಎಲೆ ಒಣಗಿರುವಲ್ಲಿ ಬೂಜು ಹಿಡಿಯುವುದು ಕಡಿಮೆ. ಅಲ್ಲಿ ಸಾವಯವ ಬೇಸಾಯ ವ್ಯಾಪಕವಾಗಿ ಬೇರೂರಲು ಈ ಒಣಹವೆಯೂ ಒಂದು ದೊಡ್ಡ ಕಾರಣ.

ತಾಮ್ರ, ಗಂಧಕಗಳನ್ನು ಬಿಟ್ಟರೆ ರಾಸಾಯನಿಕ ಗೊಬ್ಬರಕ್ಕಾಗಲಿ ಕಳೆನಾಶಕಕ್ಕಾಗಲಿ ಅಲ್ಲಿ ಅವಕಾಶವಿಲ್ಲ. ಪರಿವರ್ತನೆಯ ಮೂರು ವರ್ಷ ಮುಗಿಯದೆ ದ್ರಾಕ್ಷಿಯನ್ನು ಸಾವಯವವೆಂದು ಮಾರುವಂತಿಲ್ಲ. ನಡೆಯುವಾಗ ಯಜಮಾನರು ಬಳ್ಳಿ ಹಬ್ಬಿಸಿದ ತಂತಿಗಳನ್ನು ಹತ್ತಿರದಿಂದ ನೋಡಲಿ. ಕೆಲವು ಸಾಲುಗಳಲ್ಲಿ ಬೆರಳುದ್ದದ ಸಣ್ಣ ಪ್ಲಾಸ್ಟಿಕ್ ಕೊಳವೆಗಳನ್ನು ತಂತಿಗೆ ಸುತ್ತಿ ಕಟ್ಟಿರುತ್ತಾರೆ. ಅವುಗಳಿಂದ ಹೆಣ್ಣು ಪತಂಗದ ವಾಸನೆ ಹೊರಡುತ್ತಿರುತ್ತದೆ. ಇಡೀ ತೋಟವೇ ಆ ವಾಸನೆಯಿಂದ ತುಂಬಿರುವಾಗ ಗಂಡಿಗೆ ನಿಜವಾದ ಹೆಣ್ಣು ಎಲ್ಲಿದೆಯೆಂದು ತಿಳಿಯದೆ, ಗೊಂಚಲು ಕೊರೆಯುವ ಹುಳುವಿನ ಸಂತತಿ ತಗ್ಗುತ್ತದೆ. ತೆಂಗಿನ ಕುರುವಾಯಿ ಹುಳಕ್ಕೆ ನಾವು ಕಟ್ಟುವ ಮೋಹಕ ಬಲೆ ಹುಳವನ್ನು ಕರೆದು ಹಿಡಿಯುತ್ತದೆ. ಇದು ಹಿಡಿಯುವುದಿಲ್ಲ, ಜೋಡಿಯಾಗದಂತೆ ದಾರಿ ತಪ್ಪಿಸುತ್ತದೆ. ಸಾಲುಗಳ ನಡುವೆ ಹುಲ್ಲು ಮತ್ತು ದ್ವಿದಳ ಗಿಡಗಳನ್ನು ಯಾವಾಗ ಬೆಳೆಸುತ್ತಾರೆ, ಯಾವಾಗ ಮಗುಚುತ್ತಾರೆ, ಆಳಿನ ಕೂಲಿ ಹೇಗೆ ಎಂಬುದನ್ನೆಲ್ಲ ಮಾರ್ಗದರ್ಶಕರ ಮೂಲಕ ತೋಟದವರನ್ನೇ ಕೇಳಲಿ. ಕೃಷಿಕರು ಕೃಷಿಕರನ್ನು ಕೇಳುವ ಪ್ರಶ್ನೆಗೆ ಎಲ್ಲ ಊರಿನಲ್ಲೂ ಮನಸ್ಸಿಟ್ಟು ಉತ್ತರ ಕೊಡುತ್ತಾರೆ. ಸೆಪ್ಟೆಂಬರಿನಲ್ಲಿ ಕೊಯ್ಲು ನಡೆಯುತ್ತಿರುತ್ತದೆ. ತೋಟದವರಿಗೆ ಬಿಡುವು ಕಡಿಮೆಯಿದ್ದರೂ ನೋಡುವವರಿಗೆ ಅದೇ ಒಳ್ಳೆಯ ಕಾಲ.

ನೆಲಮಾಳಿಗೆಯಲ್ಲಿ ತೋರಿಸುವುದು ಮುಖ್ಯವಾಗಿ ಕಾವಾ ಎಂಬ ನೊರೆವೈನಿನ ತಯಾರಿ. ಆ ಸೀಮೆಯ ಸಾಂತ್ ಸಾದುರ್ನಿ ಎಂಬ ಊರಿನಲ್ಲಿ 1872ರಲ್ಲಿ ಇದು ಆರಂಭವಾಯಿತು. ಒಮ್ಮೆ ಹುಳಿದ ವೈನಿಗೆ ಸ್ವಲ್ಪ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಬಾಟಲಿಯಲ್ಲಿಯೇ ಎರಡನೆಯ ಸಲ ಹುಳಿಯಲು ಬಿಡುತ್ತಾರೆ. ಹೊರಗೆ ಹೋಗಲಾರದ ಅನಿಲ ವೈನಿನಲ್ಲಿಯೇ ಕರಗಿ ನೊರೆಯಾಗುತ್ತದೆ. ಕನಿಷ್ಠ ಒಂಬತ್ತು ತಿಂಗಳು, ಮೇಲಿನ ದರ್ಜೆಗಳಿಗೆ 18 ಅಥವಾ 30 ತಿಂಗಳು ತಳಕ್ಕಿಳಿದ ಯೀಸ್ಟಿನ ಗಷ್ಟಿನ ಜೊತೆಯಲ್ಲೇ ಇಟ್ಟು, ಆಮೇಲೆ ಬಾಟಲಿಯನ್ನು ತಲೆಕೆಳಗು ಮಾಡಿ ಗಷ್ಟನ್ನು ಕುತ್ತಿಗೆಗೆ ಇಳಿಸಿ ಹೊರತೆಗೆಯುತ್ತಾರೆ. ಇದನ್ನು ನೋಡಿ ತಿಳಿಯಲು ಒಂದು ತೊಟ್ಟನ್ನೂ ಕುಡಿಯಬೇಕಾಗಿಲ್ಲ.

ಇನ್ನು ನಿಮ್ಮ ವಿಷಯ. ಸಾವಯವ ಎಂದರೆ ಆರೋಗ್ಯಕ್ಕೆ ಹಿತ ಎಂದು ದಯವಿಟ್ಟು ಭಾವಿಸಬೇಡಿ. ಸಾವಯವ ಮುದ್ರೆ ಹೊಲದ ಬಗ್ಗೆ ಮತ್ತು ತಯಾರಿಯಲ್ಲಿ ಬಳಸಿದ ಪದಾರ್ಥಗಳ ಬಗ್ಗೆ ಕೊಡುವ ಭರವಸೆಯೇ ಹೊರತು ಅದರಲ್ಲಿರುವ ಮದ್ಯಸಾರದ ಬಗ್ಗೆ ಅಲ್ಲ. ಸಾವಯವ ವೈನಿನಲ್ಲೂ ಮದ್ಯಸಾರ ಶೇಕಡಾ ಹನ್ನೆರಡರ ಆಸುಪಾಸಿನಲ್ಲಿಯೇ ಇರುತ್ತದೆ. ವೈನ್ ಕೆಡದಿರಲೆಂದು ಸೇರಿಸುವ ಗಂಧಕದ (ಸಲ್ಫರ್ ಡೈಆಕ್ಸೈಡ್) ಪ್ರಮಾಣ ಮಾತ್ರ ಕಡಿಮೆ. ಸಿಹಿಯಿಲ್ಲದ ಕೆಂಪು ವೈನಿಗೆ ಸಾಮಾನ್ಯ ಮಿತಿ ಲೀಟರಿಗೆ 150 ಮಿಲಿಗ್ರಾಂ ಆಗಿದ್ದರೆ ಸಾವಯವಕ್ಕೆ 100. ಮಧುಮೇಹದ ಕೆಲವು ಮಾತ್ರೆಗಳ ಜೊತೆ ಮದ್ಯ ಸೇರಿದಾಗ ರಕ್ತದ ಸಕ್ಕರೆ ಹಠಾತ್ತನೆ ಕುಸಿಯಬಹುದು; ಬಿಸಿಲಲ್ಲಿ ನಡೆದು, ಹೊಟ್ಟೆ ಖಾಲಿಯಿರುವಾಗ ಅಪಾಯ ಇನ್ನೂ ಹೆಚ್ಚು. ನೀವು ನುಂಗುವ ಮಾತ್ರೆಯ ಹೆಸರನ್ನು ಹೇಳಿ ನಿಮ್ಮ ವೈದ್ಯರನ್ನು ಕೇಳಿಯೇ ತೀರ್ಮಾನಿಸಿ. ಅವರು ಬೇಡವೆಂದರೆ ಅಲ್ಲಿಗೇ ಬಿಡಿ. ಅವರು ಒಪ್ಪಿದರೂ, ಬಾಯಲ್ಲಿ ಆಡಿಸಿ ಉಗುಳುವುದು ಅಲ್ಲಿ ಅಸಭ್ಯವಲ್ಲ ಎಂಬುದು ತಿಳಿದಿರಲಿ. ಅದಕ್ಕೆಂದೇ ಮೇಜಿನ ಮೇಲೆ ಪೀಕದಾನಿ ಇಟ್ಟಿರುತ್ತಾರೆ, ವೈನಿನ ಕಸುಬಿನವರೇ ಅದನ್ನು ಬಳಸುತ್ತಾರೆ. ವಾಸನೆ ನೋಡುವುದರಲ್ಲಿಯೇ ರುಚಿಯ ಮುಕ್ಕಾಲು ಪಾಲು ತಿಳಿಯುತ್ತದೆ. ಬೇಡವೆನಿಸಿದಾಗ ಗ್ಲಾಸಿನ ಮೇಲೆ ಅಂಗೈ ಇಟ್ಟರೆ ಸಾಕು, ಯಾರೂ ಒತ್ತಾಯಿಸುವುದಿಲ್ಲ. ಯಜಮಾನರಿಗೆ ಹುಳಿಯಿಸದ ದ್ರಾಕ್ಷಿ ರಸ ಬೇಕೆಂದು ಮಗಳು ಮೊದಲೇ ತಿಳಿಸಲಿ. ಅಲ್ಲಿ ಅದನ್ನು ಮೋಸ್ತೊ ಎನ್ನುತ್ತಾರೆ. ಅದರಲ್ಲಿ ಸಕ್ಕರೆ ಬಹಳ, ಹಾಗಾಗಿ ನಿಮಗೆ ಅದು ಆಗದು.

ಸಸ್ಯಾಹಾರಿಗಳು ಗಮನಿಸಬೇಕಾದ ಸಂಗತಿಯೊಂದು ಹಲವರಿಗೆ ತಿಳಿದಿಲ್ಲ. ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನು, ಮೀನಿನಿಂದ ತೆಗೆದ ಅಂಟು ಮುಂತಾದವನ್ನು ಬಳಸುವುದುಂಟು, ಸಾವಯವ ವೈನಿನಲ್ಲೂ ಇದಕ್ಕೆ ಅಡ್ಡಿಯಿಲ್ಲ. ವೀಗನ್, ಅಂದರೆ ಪ್ರಾಣಿಮೂಲದ ಏನನ್ನೂ ಬಳಸದ್ದು, ಎಂದು ಬರೆದ ಬಾಟಲಿಯಾದರೆ ಸಂಶಯವಿರುವುದಿಲ್ಲ. ಊಟದಲ್ಲಿ ಟೊಮೆಟೊ ಉಜ್ಜಿದ ಬ್ರೆಡ್ಡು, ಬದನೆ ಮತ್ತು ದಪ್ಪ ಮೆಣಸನ್ನು ಬೆಂಕಿಯಲ್ಲಿ ಸುಟ್ಟು ಸಿಪ್ಪೆ ಸುಲಿದು ಆಲಿವ್ ಎಣ್ಣೆ ಹಾಕಿದ ಎಸ್ಕಲಿವಾದಾ, ಬಾದಾಮಿ ಅರೆದು ಮಾಡಿದ ಸಾಸ್ ಇವೆಲ್ಲ ನಿಮಗೆ ಹಿಡಿಸುತ್ತವೆ. ಮಟ್ಟುಗುಳ್ಳವನ್ನು ಸುಟ್ಟು ಗೊಜ್ಜು ಮಾಡಿದವರಿಗೆ ಎಸ್ಕಲಿವಾದಾ ಹೊಸ ರುಚಿಯೇ ಅಲ್ಲ. ಆಲೂಗಡ್ಡೆಯ ತೋರ್ತಿಯಾದಲ್ಲಿ ಮೊಟ್ಟೆಯಿರುತ್ತದೆ. ಬರಿದೇ ಸಸ್ಯಾಹಾರಿ ಎಂದರೆ ಅಲ್ಲಿ ಮೊಟ್ಟೆ ಬಂದೇ ಬರುತ್ತದೆ, ಆದ್ದರಿಂದ ಮೀನು, ಮಾಂಸ, ಮೊಟ್ಟೆ ಬೇಡ ಎಂದು ಒಂದೊಂದನ್ನೂ ಹೆಸರಿಸಿ ಬರೆದು ಕಳುಹಿಸಬೇಕು. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರಾದರೆ ಅದನ್ನೂ ಸೇರಿಸಿ. ಏಕಾದಶಿ ಹಿಡಿಯುವವರಾದರೆ ದಿನ ನಿಗದಿಯಾಗುವ ಮೊದಲೇ ಪಂಚಾಂಗ ನೋಡಿಕೊಳ್ಳಿ.

ಅಲ್ಲಿ ಮಧ್ಯಾಹ್ನದ ಊಟವೆಂದರೆ ಎರಡು ಗಂಟೆಗೆ. ಬೆಳಗ್ಗೆ ಎಂಟಕ್ಕೆ ತಿಂಡಿ ತಿಂದು ಹೊರಟ ನಿಮಗೆ ಆ ಅಂತರ ಹೆಚ್ಚಾಗುತ್ತದೆ. ಚೀಲದಲ್ಲಿ ಹುರಿದ ನೆಲಗಡಲೆ, ಬಿಸ್ಕತ್ತು ಮತ್ತು ಗ್ಲೂಕೋಸ್ ಇರಲಿ. ಅಲ್ಲಿಯ ಸುಣ್ಣ ಮಿಶ್ರಿತ ಜೇಡಿ ಮಣ್ಣು ಮಳೆ ಬಿದ್ದರೆ ಪಾದಕ್ಕೆ ಮೆತ್ತಿಕೊಳ್ಳುವುದರಿಂದ ಚಪ್ಪಲಿ ಬೇಡ, ಹಿಡಿತವಿರುವ ಬೂಟು ಬೇಕು. ಅದನ್ನು ಇಲ್ಲಿಯೇ ಕೆಲವು ವಾರ ಹಾಕಿ ನಡೆದು ಪಳಗಿಸಿಕೊಂಡು ಹೋಗಿ.

ಪ್ರಶ್ನೆ: ಇಂತಹ ಪ್ರವಾಸದಿಂದ ಮರಳುವ ಮಗ ಎರಡು ಬಾಟಲಿ ಕಾವಾ ತರುತ್ತೇನೆ ಎನ್ನುತ್ತಿದ್ದಾನೆ. ಮಂಗಳೂರು ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟಬೇಕೇ? ಅದನ್ನು ಎಷ್ಟು ದಿನ ಇಡಬಹುದು? (ಓದುಗರು, ಕದ್ರಿ, ಮಂಗಳೂರು)

ಉತ್ತರ: ವಿದೇಶದಿಂದ ಬರುವ ವಯಸ್ಕರು ತಲಾ 2 ಲೀಟರ್ ಮದ್ಯ ಅಥವಾ ವೈನನ್ನು ಸುಂಕವಿಲ್ಲದೆ ತರಬಹುದು. ಬಾಟಲಿಗೆ 750 ಮಿಲಿಲೀಟರಿನಂತೆ ಎರಡು ಬಾಟಲಿ ಒಂದೂವರೆ ಲೀಟರ್ ಆಗುವುದರಿಂದ ಚಿಂತೆಯಿಲ್ಲ. ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲವಾದ್ದರಿಂದ ಬಟ್ಟೆಯಲ್ಲಿ ದಪ್ಪಗೆ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿಡಲಿ. ಕಾವಾ ಬೆಳೆದದ್ದು ತಂಪು ನೆಲಮಾಳಿಗೆಯಲ್ಲಿ. ಮಂಗಳೂರಿನ ಸೆಖೆಯಲ್ಲಿ ಕಪಾಟಿನಲ್ಲಿಟ್ಟರೆ ಬೇಗನೆ ಸ್ವಾದ ಕೆಡುತ್ತದೆ. ಫ್ರಿಜ್ಜಿನಲ್ಲಿಟ್ಟು ಕೆಲವು ವಾರಗಳಲ್ಲಿ ಮುಗಿಸುವುದು ಒಳ್ಳೆಯದು, ಫ್ರೀಜರಿನಲ್ಲಿ ಮಾತ್ರ ಇಡಲೇಬಾರದು.

ಪ್ರಶ್ನೆ: ಮೂಡುಬಿದಿರೆ ಹತ್ತಿರ ನಮಗೆ ಅಡಿಕೆ, ಕೊಕ್ಕೊ, ಕಾಳುಮೆಣಸು, ಗೇರು ಇರುವ ತೋಟವಿದೆ. ಮಂಗಳೂರಿನಿಂದ ಸಣ್ಣ ತಂಡಗಳನ್ನು ಕರೆಸಿ ಗುಡ್ಡ, ತೋಟ ಸುತ್ತಾಡಿಸಿ ಊಟ ಹಾಕಿ ಶುಲ್ಕ ಪಡೆಯುವ ಯೋಚನೆಯಿದೆ. ಮನೆಯಲ್ಲಿ ಮಾಡಿದ ಗೇರುಹಣ್ಣಿನ ವೈನನ್ನು ರುಚಿಗೆ ಕೊಡಬಹುದೇ?

ಉತ್ತರ: ವೈನ್ ಕೊಡಬೇಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದೂ ಮಾರುವುದೂ ಅಪರಾಧ. ನಡಿಗೆಗೆ ಮಾತ್ರ ಶುಲ್ಕ, ವೈನ್ ಉಚಿತ ಎಂದು ಹೇಳಿಕೊಂಡರೂ ತಯಾರಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಆದರೆ ವೈನರಿಯಲ್ಲಿ ಜನರನ್ನು ಹಿಡಿದು ನಿಲ್ಲಿಸುವ ಸಂಗತಿ, ಅಂದರೆ ಹುಳಿಯುವಿಕೆಯೇ, ನಿಮ್ಮ ತೋಟದಲ್ಲಿದೆ. ಕೊಕ್ಕೊ ಕಾಯಿ ಒಡೆದು ಬಿಳಿ ತಿರುಳು ಸಹಿತ ಬೀಜವನ್ನು ಪೆಟ್ಟಿಗೆಯಲ್ಲಿ ತುಂಬಿ ಬಾಳೆಲೆ ಮುಚ್ಚಿದರೆ ಮೊದಲು ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಮಗುಚಿದಂತೆ ಗಾಳಿಯಾಡಿ ಅದು ವಿನೆಗರಿನ ಆಮ್ಲವಾಗುತ್ತದೆ, ರಾಶಿಯ ಒಳಗಿನ ಬಿಸಿ 45 ಡಿಗ್ರಿ ದಾಟುತ್ತದೆ. ಐದಾರು ದಿನಗಳಲ್ಲಿ ಚಾಕೊಲೇಟಿನ ರುಚಿಯ ಬೀಜರೂಪ ಅಲ್ಲಿ ತಯಾರಾಗುತ್ತದೆ. ಮೊದಲ ದಿನದ, ಮೂರನೆಯ ದಿನದ, ಒಣಗಿಸಿದ ಬೀಜಗಳನ್ನು ಸಾಲಾಗಿ ಇಟ್ಟು ಬಂದವರಿಗೆ ಮೂಸಲು ಕೊಡಿ. ರಾಶಿಯ ಮೇಲೆ ಅಂಗೈ ಇಟ್ಟು ಬಿಸಿಯನ್ನು ತಾವೇ ತಿಳಿಯಲಿ. ಅದರ ಜೊತೆಗೆ ಹಸಿ ಕಾಳುಮೆಣಸು ಮತ್ತು ಒಣಗಿದ್ದು, ಜೇನು, ಸಕ್ಕರೆ ಹಾಕಿದ ಮತ್ತು ಹಾಕದ ಪುನರ್ಪುಳಿ ರಸ ಇದ್ದರೆ ಒಂದು ಗಂಟೆ ಸಾಲುವುದಿಲ್ಲ.

ಊಟಕ್ಕೆ ಹಣ ಪಡೆಯುವುದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿಕೊಳ್ಳಬೇಕು. ಊಟ ಕುಚ್ಚಲಕ್ಕಿಯ ಅನ್ನ, ಬಸಳೆ, ನಿಮ್ಮ ತೋಟದ್ದೇ ತರಕಾರಿಯಾಗಿದ್ದರೆ ಸಾಕು. ಪ್ರಮಾಣಪತ್ರ ಇಲ್ಲದೆ ಸಾವಯವ ಆಹಾರದ ಜೈವಿಕ್ ಭಾರತ್ ಗುರುತನ್ನು ಹಾಕುವಂತಿಲ್ಲ. ಬಹುವಾರ್ಷಿಕ ಬೆಳೆಗಳಿಗೆ ನಮ್ಮಲ್ಲೂ ಪರಿವರ್ತನೆಯ ಅವಧಿ ಮೂರು ವರ್ಷ. ಅಡಿಕೆಗೆ ಏನು ಬಿಡುತ್ತೀರಿ, ಎಷ್ಟು ಬಿಡುತ್ತೀರಿ ಎಂಬುದನ್ನು ಬಂದವರಿಗೆ ಇದ್ದ ಹಾಗೆಯೇ ಹೇಳಿ. ನಡಿಗೆಯನ್ನು ನವೆಂಬರಿನಿಂದ ಫೆಬ್ರವರಿಯವರೆಗೆ, ಬೆಳಗ್ಗೆ ಏಳಕ್ಕೆ ಆರಂಭಿಸಿ ಬಿಸಿಲೇರುವ ಮೊದಲು ಮನೆಯಂಗಳಕ್ಕೆ ಮುಟ್ಟುವಂತೆ ಇಟ್ಟುಕೊಳ್ಳಿ. ಗೇರುಹಣ್ಣು ತೋರಿಸಲೇಬೇಕೆಂದಿದ್ದರೆ ಮಾರ್ಚಿನಲ್ಲಿ ದಾರಿಯನ್ನು ಅರ್ಧ ಮಾಡಿ.