ಪಾಸ್‌ಬುಕ್ ಕೊಟ್ಟವರೆಲ್ಲ ಬ್ಯಾಂಕ್ ಅಲ್ಲ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಬಡಾವಣೆಯ ಸೌಹಾರ್ದ ಪತ್ತಿನ ಸಹಕಾರಿಯಲ್ಲಿ 12 ಲಕ್ಷ ರೂ. ಠೇವಣಿ ಇಟ್ಟಿದ್ದೇನೆ. ಬಡ್ಡಿ ಜಾಸ್ತಿ. 5 ಲಕ್ಷದವರೆಗೆ ಆರ್‌ಬಿಐ ಗ್ಯಾರಂಟಿ ಇದೆ ಎಂದು ಏಜೆಂಟರು ಹೇಳಿದರು. ನಿಜ ತಾನೇ?

ಉತ್ತರ: ಸುಳ್ಳು ಮೇಡಂ. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಅದೂ ದುಡ್ಡು ಕಟ್ಟಿ ಬಂದ ಮೇಲೆ. ಕಟ್ಟುವ ಮೊದಲೇ ಕೇಳಬಾರದಾ?

5 ಲಕ್ಷದ ವಿಮೆ ಇರುವುದು ಬ್ಯಾಂಕ್ ಠೇವಣಿಗೆ. ಅದನ್ನು ಕೊಡುವುದು ಆರ್‌ಬಿಐನ ಅಂಗಸಂಸ್ಥೆ ಡಿಐಸಿಜಿಸಿ. ಪತ್ತಿನ ಸಹಕಾರಿಗಳು ಇದರಡಿ ಬರುವುದೇ ಇಲ್ಲ. ಅವು ನೋಂದಣಿಯಾಗುವುದು ರಾಜ್ಯದ 1997ರ ಸೌಹಾರ್ದ ಕಾಯ್ದೆಯಡಿ. ಈಚೆಗೆ ಒಬ್ಬರು ಇಂಥದ್ದೇ ಠೇವಣಿ ಪತ್ರ ತಂದು ನನ್ನ ಮೇಜಿನ ಮೇಲಿಟ್ಟರು. ದಪ್ಪ ಕಾಗದ, ಬಂಗಾರದ ಬಣ್ಣದ ಅಂಚು, ನೇರಳೆ ಮೊಹರು. ಕೆಳಗೆ ಸಣ್ಣಕ್ಷರದಲ್ಲಿ ‘ಆರ್‌ಬಿಐ ನಿಯಮಗಳ ಪ್ರಕಾರ’ ಅಂತ ಬೇರೆ. ಲೈಸೆನ್ಸ್ ನಂಬರ್ ಹುಡುಕಿದರೆ ಸಿಕ್ಕಿದ್ದು ಬರೀ ಸಹಕಾರಿಯ ನೋಂದಣಿ ಸಂಖ್ಯೆ.

ಬ್ಯಾಂಕ್ ನಡೆಸಲು ಆರ್‌ಬಿಐ ಲೈಸೆನ್ಸ್ ಬೇಕು. ಕೊಟ್ಟ ಸಾಲದ ಅಪಾಯ ತೂಗಿ, ನೂರಕ್ಕೆ ಕನಿಷ್ಠ 9 ರೂಪಾಯಿಯಷ್ಟು ಸ್ವಂತ ಬಂಡವಾಳ ಇರಬೇಕು. ಠೇವಣಿಯ ಒಂದು ಪಾಲನ್ನು ನಗದಾಗಿ, ಇನ್ನೊಂದು ಪಾಲನ್ನು ಸರ್ಕಾರಿ ಸಾಲಪತ್ರಗಳಲ್ಲಿ ಇಡಬೇಕು. ಆರ್‌ಬಿಐನವರು ಬಂದು ಸಾಲದ ಕಡತ ಬಿಚ್ಚಿ ನೋಡುತ್ತಾರೆ.

ಇಷ್ಟಿದ್ದೂ ಬ್ಯಾಂಕ್‌ಗಳು ಎಡವುತ್ತವೆ. ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ನೆನಪಿದೆ ಅಲ್ವಾ? 2020ರ ಜನವರಿಯಲ್ಲಿ ಠೇವಣಿ ವಾಪಸ್ ತೆಗೆಯುವುದಕ್ಕೆ ಆರ್‌ಬಿಐ ಕಟ್ಟುಪಾಡು ಹಾಕಿತು. ಎಷ್ಟೇ ಇಟ್ಟವರಿಗೂ ಮೊದಲು ಸಿಕ್ಕಿದ್ದು 35,000 ರೂಪಾಯಿ. ಆಗ ವಿಮೆ ಬರೀ 1 ಲಕ್ಷ. ಮರು ತಿಂಗಳು ಅದು 5 ಲಕ್ಷವಾಯಿತು. ಇಂಥ ಕಟ್ಟುಪಾಡು ಬಿದ್ದರೆ ವಿಮೆ ಹಣ 90 ದಿನದೊಳಗೆ ಕೊಡಬೇಕು ಎಂಬ ತಿದ್ದುಪಡಿ ಬಂದಿದ್ದು 2021ರಲ್ಲಿ. ಲೈಸೆನ್ಸ್ ಇದ್ದ ಬ್ಯಾಂಕಿನ ಠೇವಣಿದಾರರೇ ಅಷ್ಟು ಸಂಕಟಪಟ್ಟರು. ನಿಮ್ಮ ಸಹಕಾರಿ ಎಡವಿದರೆ ಈ 90 ದಿನದ ಆಸರೆಯೂ ಇಲ್ಲ.

ನಿಮ್ಮ ಸಹಕಾರಿ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಆದರೆ ಪಿಂಚಣಿ ದುಡ್ಡನ್ನು ನಾನಂತೂ ಅಲ್ಲಿಡುವುದಿಲ್ಲ. ಅವಧಿಗೆ ಮೊದಲೇ ತೆಗೆದರೆ ಬಡ್ಡಿ ಎಷ್ಟು ಕಡಿತವಾಗುತ್ತದೆ ಎಂದು ಬರಹದಲ್ಲಿ ಕೇಳಿ. ವಾಪಸ್ ಕೊಡಲು ಸತಾಯಿಸಿದರೆ ಸಹಕಾರ ಇಲಾಖೆಗೆ ದೂರು ಬರೆಯಿರಿ. ದುಡ್ಡು ಬಂದ ಮೇಲೆ ಮೂರು ಬ್ಯಾಂಕ್‌ಗಳಲ್ಲಿ ನಾಲ್ಕು ನಾಲ್ಕು ಲಕ್ಷ ಇಡಿ. 5 ಲಕ್ಷದ ಮಿತಿಯಲ್ಲಿ ಬಡ್ಡಿಯೂ ಸೇರುತ್ತದೆ, ಅದಕ್ಕೇ ಭರ್ತಿ ಐದು ಇಡಬೇಡಿ. ಇಡುವ ಮೊದಲು ಡಿಐಸಿಜಿಸಿ ವೆಬ್‌ಸೈಟಿನ ಪಟ್ಟಿಯಲ್ಲಿ ಬ್ಯಾಂಕಿನ ಹೆಸರು ನೋಡಿಕೊಳ್ಳಿ. ಕೆಲವು ಸೌಹಾರ್ದ ಬ್ಯಾಂಕ್‌ಗಳಿಗೆ ಆರ್‌ಬಿಐ ಲೈಸೆನ್ಸ್ ಇದೆ. ಬೋರ್ಡ್ ನೋಡಿ ತೀರ್ಮಾನಿಸಬೇಡಿ.

ಪ್ರಶ್ನೆ: ಒಂದೇ ಬ್ಯಾಂಕಿನ ಮೂರು ಶಾಖೆಗಳಲ್ಲಿ ಐದೈದು ಲಕ್ಷ ಇಟ್ಟರೆ 15 ಲಕ್ಷಕ್ಕೂ ವಿಮೆ ಸಿಗುತ್ತಾ?

ಉತ್ತರ: ಇಲ್ಲ. ನಿಮ್ಮ ಹೆಸರಿನದ್ದೆಲ್ಲ ಕೂಡಿಸಿ 5 ಲಕ್ಷ ಮಾತ್ರ.

ಪ್ರಶ್ನೆ: ನಮ್ಮ ಬ್ಯಾಂಕ್ ಮುಚ್ಚುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಏನು ಮಾಡಲಿ?

ಉತ್ತರ: ಆರ್‌ಬಿಐ ವೆಬ್‌ಸೈಟಿನಲ್ಲಿ ಪ್ರಕಟಣೆ ಇದೆಯಾ ನೋಡಿ. ಇಲ್ಲದಿದ್ದರೆ ಅಳಿಸಿ. ಸುಮ್ನೆ ನಾಲ್ಕು ಜನಕ್ಕೆ ಕಳಿಸಿ ಗಾಬರಿ ಹಬ್ಬಿಸಬೇಡಿ.

ಪ್ರಶ್ನೆ: ಠೇವಣಿ ವಿಮೆಯ ಕಂತು ಕಟ್ಟಿ ಎಂದು ಫೋನ್ ಬಂತು. ಕಟ್ಟಬೇಕಾ?

ಉತ್ತರ: ಕಂತು ಕಟ್ಟುವುದು ಬ್ಯಾಂಕ್, ನೀವಲ್ಲ. ಫೋನ್ ಮಾಡಿದವನು ಕಳ್ಳ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಡಿ.