ಬೀಗರು ಹೋದ ಮಾಲ್ದೀವ್ಸಾ, ಅಜ್ಜ ಹೇಳಿದ ದ್ವೀಪವಾ?

ಪ್ರಶ್ನೆ: ನನಗೆ 52 ವರ್ಷ. ಕಾಸರಗೋಡಿನ ಬದಿಯಡ್ಕದ ಹತ್ತಿರ ಮನೆ, ಅಡಿಕೆ ತೋಟ ಇದೆ. ಬರುವ ಮೇ ತಿಂಗಳಿಗೆ ಮದುವೆಯಾಗಿ 30 ವರ್ಷ ತುಂಬುತ್ತದೆ. ಬೆಂಗಳೂರಿನಲ್ಲಿರುವ ಮಗ ನಮ್ಮಿಬ್ಬರನ್ನು ಮಾಲ್ದೀವ್ಸಿಗೆ ಕಳಿಸುತ್ತೇನೆ ಎಂದು ಹಟ ಹಿಡಿದಿದ್ದಾನೆ. ಬೀಗರು ಹೋದ ವರ್ಷ ಅಲ್ಲಿಗೆ ಹೋಗಿ ಬಂದರು. ಆ ಫೋಟೋಗಳು ಫ್ಯಾಮಿಲಿ ಗ್ರೂಪಿಗೆ ಬಂದಾಗಿನಿಂದ ಅವನಿಗೆ ಇದೇ ಹುಚ್ಚು. ಮೇ ಕೊನೆಯ ವಾರಕ್ಕೆ ಒಳ್ಳೆಯ ಆಫರ್ ಇದೆಯಂತೆ. ಶನಿವಾರದೊಳಗೆ ಅಡ್ವಾನ್ಸ್ ಕಟ್ಟಬೇಕಂತೆ, ಕಟ್ಟಿದ ಹಣ ವಾಪಸ್ ಇಲ್ಲವಂತೆ. ನಮ್ಮವರು, "ಸಮುದ್ರ ನೋಡ್ಲಿಕ್ಕೆ ಬೇಕಲಕ್ಕೆ ಹೋದ್ರೆ ಸಾಲದಾ? ತೋಟಕ್ಕೆ ನೀರು ಬಿಡುವವರು ಯಾರು?" ಅನ್ನುತ್ತಾರೆ. ಅವರಿಗೆ ಮೊಣಕಾಲು ನೋವು ಬೇರೆ.

ನನಗೆ ನೋಡಬೇಕಾದದ್ದು ಲಕ್ಷದ್ವೀಪ. ನನ್ನ ಅಜ್ಜ ಮಂಗಳೂರು ಬಂದರಿನಲ್ಲಿ ಕತ್ತದ (ತೆಂಗಿನ ನಾರಿನ) ಹಗ್ಗದ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಮಂಜಿ ಎನ್ನುವ ಸರಕು ದೋಣಿಯಲ್ಲಿ ಬರುವ ದ್ವೀಪದವರ ಕತೆ ಹೇಳುತ್ತಿದ್ದರು. "ಅಮಿನಿ, ಕಡಮತ್ ಎಲ್ಲ ನಮ್ಮ ಜಿಲ್ಲೆಯೇ ಮಗಾ" ಅನ್ನುತ್ತಿದ್ದರು. ಈ ಆಸೆಯನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಸೊಸೆ ಬೇಜಾರು ಮಾಡಿಕೊಂಡಾಳು ಅಂತ ಹೆದರಿಕೆ. 80 ದಾಟಿದ ಅತ್ತೆ ನಮ್ಮ ಜೊತೆಯಲ್ಲೇ ಇದ್ದಾರೆ. ಪುತ್ತೂರಿನಲ್ಲಿರುವ ವಾರಗಿತ್ತಿಯನ್ನು ನಾಲ್ಕು ದಿನ ನೋಡಿಕೊಳ್ಳಿ ಎಂದು ಕೇಳಲು ಬಾಯಿ ಬರುವುದಿಲ್ಲ. ಇನ್ನೊಂದು, ನಗಬೇಡಿ. ನನಗೆ ಈಜು ಬರುವುದಿಲ್ಲ, ಸೀರೆ ಬಿಟ್ಟು ಬೇರೆ ಉಟ್ಟವಳೂ ಅಲ್ಲ. ದ್ವೀಪಕ್ಕೆ ಹೋಗಿ ನಾನು ಮಾಡುವುದಾದರೂ ಏನು?

— ಹೆಸರು ಬೇಡ

ಉತ್ತರ: ಅಕ್ಕಾ, ಮೊದಲು ಶನಿವಾರದ ವಿಷಯ ಮುಗಿಸೋಣ. ಇವತ್ತು ರಾತ್ರಿಯೇ ಮಗನಿಗೆ ಫೋನ್ ಮಾಡಿ, ಅಡ್ವಾನ್ಸ್ ಕಟ್ಟಬೇಡ ಅನ್ನಿ. ಯಾಕೆ ಅಂತ ಕೇಳಿದರೆ ಅಜ್ಜನ ಕತೆ ಈಗಲೇ ತೆಗೆಯಬೇಡಿ. ಮಳೆಯ ಕತೆ ಸಾಕು.

ಮಾಲ್ದೀವ್ಸಿನಲ್ಲೂ ಮಳೆ ಗಾಳಿ ಜೋರಾಗುವುದು ಮೇ ತಿಂಗಳಿನಿಂದಲೇ. ನಮಗೆ ಮಳೆ ತರುವ ಅದೇ ನೈಋತ್ಯ ಮಾರುತ ಅಲ್ಲಿಯೂ ಬೀಸುತ್ತದೆ, ಅಕ್ಟೋಬರ್‌ವರೆಗೂ ಇರುತ್ತದೆ. ಆಫರ್ ಬಂದಿರುವುದು ಸುಮ್ನೆ ಅಲ್ಲ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಕೈಗೆಟುಕದ ಕೋಣೆ ಮೇ ತಿಂಗಳಲ್ಲಿ ಅಗ್ಗ ಆಗುವುದು ಈ ಕಾರಣಕ್ಕೆ. ದಿನವಿಡೀ ಸುರಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಕೆಲವರಿಗೆ ಪೂರ್ತಿ ಬಿಸಿಲೂ ಸಿಕ್ಕೀತು. ಆದರೆ ರಾಜಧಾನಿ ಮಾಲೆಯಲ್ಲಿ ವಿಮಾನ ಇಳಿದ ಮೇಲೆ ರೆಸಾರ್ಟ್ ಇರುವ ದ್ವೀಪಕ್ಕೆ ಸ್ಪೀಡ್ ಬೋಟಿನಲ್ಲೋ ಸಣ್ಣ ಸೀಪ್ಲೇನಿನಲ್ಲೋ ಹೋಗಬೇಕು. ಅಲೆ ಎದ್ದಾಗ ಆ ಬೋಟು ಎತ್ತಿ ಎತ್ತಿ ಹಾಕುತ್ತದೆ. ಮೊಣಕಾಲು ನೋವಿನವರಿಗೆ ಅದು ಶಿಕ್ಷೆ. ಸೀಪ್ಲೇನ್ ಕತ್ತಲಾದ ಮೇಲೆ ಹಾರುವುದಿಲ್ಲ. ವಿಮಾನ ಸಂಜೆ ತಡವಾಗಿ ಇಳಿದರೆ ಆ ರಾತ್ರಿ ಮಾಲೆಯ ಹತ್ತಿರವೇ ಉಳಿಯಬೇಕು. ಹೋಟೆಲಿನವರು ಹೇಳುವ ದರದ ಮೇಲೆ ತೆರಿಗೆ, ಸರ್ವಿಸ್ ಚಾರ್ಜ್, ಈ ಬೋಟಿನ ಬಾಡಿಗೆ ಎಲ್ಲ ಬೇರೆ ಸೇರುವುದುಂಟು. ಮಗ ಅದನ್ನೆಲ್ಲ ಕೂಡಿಸಿ ನೋಡಿದ್ದಾನಾ? ಅದಕ್ಕಿಂತ ಮೊದಲು, ನಿಮ್ಮ ಯಜಮಾನರಿಗೆ ಪಾಸ್‌ಪೋರ್ಟ್ ಉಂಟಾ? ಭಾರತದವರಿಗೆ ಅಲ್ಲಿಗೆ ಹೋಗಲು ಮುಂಚಿತವಾಗಿ ವೀಸಾ ಬೇಡ ನಿಜ, ಪಾಸ್‌ಪೋರ್ಟ್ ಅಂತೂ ಬೇಕೇ ಬೇಕು. ಅದರ ಸುದ್ದಿಯೇ ನಿಮ್ಮ ಪತ್ರದಲ್ಲಿ ಇಲ್ಲ.

ಇನ್ನು ಯಜಮಾನರ ನೀರಿನ ಮಾತು. ಹೆಂಗಸರು ಬರೆಯುವ ಪತ್ರಗಳಲ್ಲಿ "ತೋಟಕ್ಕೆ ನೀರು" ಅನ್ನುವುದು ಹೆಚ್ಚಾಗಿ ಗಂಡನ ನೆಪ ಆಗಿರುತ್ತದೆ. ಇಲ್ಲಿ ಅದು ನೆಪ ಅಲ್ಲ. ಮೇ ಕೊನೆಯ ವಾರ ಅಂದರೆ ಪತ್ತನಾಜೆಯ, ತುಳುನಾಡಿನಲ್ಲಿ ಮಳೆಗಾಲ ಶುರು ಅಂತ ಎಣಿಸುವ ದಿನದ, ಆಸುಪಾಸು. ಮಳೆ ಹಿಡಿಯಿತೋ ಇಲ್ಲವೋ ಗೊತ್ತಿಲ್ಲ, ಬಾವಿ ತಳ ಕಂಡಿರುತ್ತದೆ, ಮಳೆ ಬಂದ ಕೂಡಲೇ ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ. ಆಗ ತೋಟದವನನ್ನು ಎಳೆದುಕೊಂಡು ಹೋದರೆ ಅವರು ಸಮುದ್ರ ನೋಡುವುದಿಲ್ಲ, ಮೊಬೈಲಿನಲ್ಲಿ ಊರಿನ ಮೋಡ ನೋಡುತ್ತಾ ಕೂರುತ್ತಾರೆ. ಮದುವೆಯ ದಿನವೇ ಅಲ್ಲಿರಬೇಕು ಎನ್ನುವ ಹಟವನ್ನು ಬಿಡಿ. ಅವತ್ತು ಮನೆಯಲ್ಲೇ ಒಂದು ಪಾಯಸ ಮಾಡಿ. ಪ್ರವಾಸ ದೀಪಾವಳಿ ಕಳೆದ ಮೇಲೆ, ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲಿಗೆ ಇಟ್ಟುಕೊಳ್ಳಿ. ಮದ್ದು ಬಿಟ್ಟು ಮುಗಿದಿರುತ್ತದೆ, ನೀರು ಹಾಕುವ ಕೆಲಸ ಇನ್ನೂ ಜೋರಾಗಿರುವುದಿಲ್ಲ, ಕೊಯ್ಲಿನವರನ್ನು ಒಂದು ವಾರ ಆಚೀಚೆ ಮಾಡಬಹುದು. ಅರಬ್ಬಿ ಸಮುದ್ರವೂ ಅಷ್ಟು ಹೊತ್ತಿಗೆ ಹೆಚ್ಚಾಗಿ ಶಾಂತ ಆಗಿರುತ್ತದೆ. ದಿನ ಯಾವುದು ಅಂತ ಅವರೇ ಹೇಳಲಿ. ದಿನ ಅವರು ಆರಿಸಿದರೆ ಜಾಗ ನೀವು ಆರಿಸುವುದಕ್ಕೆ ಅಡ್ಡ ಬರಲಾರರು. ಬೇಕಲದ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಬೇಕಲ ಚಂದವೇ. ಹಾಗಂತ ದಿನಾ ಕಾಣುವ ಕಡಲನ್ನೇ ಮದುವೆಯ ಮೂವತ್ತನೇ ವರ್ಷಕ್ಕೆ ತೋರಿಸುವುದು ಸ್ವಲ್ಪ ಜಿಪುಣತನ ಅಲ್ವಾ?

ಈಗ ಅಜ್ಜನ ವಿಷಯಕ್ಕೆ ಬರುತ್ತೇನೆ. ಅವರು ಹೇಳಿದ್ದು ಬರೀ ಕತೆ ಅಲ್ಲ ಅಕ್ಕಾ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ — ಈ ಐದು ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದ ಇವು ಟಿಪ್ಪುವಿನ ಕೈಗೆ ಬಂದವು. 1799ರಲ್ಲಿ ಟಿಪ್ಪು ಹೋದ ಮೇಲೆ ಬ್ರಿಟಿಷರು ಮಂಗಳೂರಿನಿಂದ ಆಳಿದರು. ದ್ವೀಪದವರು ಮಾಡಿದ ಕತ್ತವನ್ನು ಸರಕಾರಕ್ಕೇ ಕೊಡಬೇಕಿತ್ತು, ಬದಲಿಗೆ ಅಕ್ಕಿ ಸಿಗುತ್ತಿತ್ತು. ಉಳಿದ ಅಗತ್ತಿ, ಕವರತ್ತಿ, ಮಿನಿಕಾಯ್ ಮುಂತಾದವು ಮಲಬಾರ್ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಎಲ್ಲ ಒಟ್ಟಾಗಿ ಕೇಂದ್ರಾಡಳಿತ ಪ್ರದೇಶ ಆಯಿತು. ಅದೇ ದಿನ ನಮ್ಮ ಕಾಸರಗೋಡು ಕೇರಳಕ್ಕೆ ಹೋಯಿತು. ನಾವೂ ಕಡಮತಿನವರೂ ಒಂದೇ ದಿನ ಒಂದೇ ಜಿಲ್ಲೆ ಬಿಟ್ಟವರು. ಅವರ ಸುದ್ದಿ ನಮಗೆ ಬಂದರಿನ ಕಡೆ ಹೋದಾಗ ಮಾತ್ರ ಸಿಗುತ್ತದೆ. ಅಲ್ಲಿಂದ ಈಗಲೂ ಸಿಮೆಂಟು, ತರಕಾರಿ ಎಲ್ಲ ಮಂಜಿಯಲ್ಲಿ ದ್ವೀಪಕ್ಕೆ ಹೋಗುತ್ತದೆ. ಒಬ್ಬ ಮೊಮ್ಮಗಳು ಅಜ್ಜನ ಲೆಕ್ಕದ ಪುಸ್ತಕದಲ್ಲಿದ್ದ ಊರನ್ನು ನೋಡಬೇಕು ಅನ್ನುವುದು ಬೀಗರ ಫೋಟೋಕ್ಕಿಂತ ಎಷ್ಟೋ ದೊಡ್ಡ ಕಾರಣ. ಆದ್ದರಿಂದ ನನ್ನ ಉತ್ತರ ಲಕ್ಷದ್ವೀಪವೇ.

ಆದರೆ ಅಜ್ಜನ ಹಾಗೆ ಹಡಗಿನ ಕನಸು ಕಾಣಬೇಡಿ. ಪ್ರವಾಸಿಗರ ಹಡಗು ಹೊರಡುವುದು ಕೊಚ್ಚಿಯಿಂದ. ಒಂದು ರಾತ್ರಿ ಸಮುದ್ರದ ಮೇಲೆ ಕಳೆಯಬೇಕು. ಅದೇನೋ ಚಂದ. ಕಷ್ಟ ಇರುವುದು ಇಳಿಯುವಾಗ. ಹಲವು ದ್ವೀಪಗಳಲ್ಲಿ ಹಡಗು ದಡಕ್ಕೆ ಬರುವಷ್ಟು ಆಳ ಇಲ್ಲ. ದೂರದಲ್ಲೇ ನಿಲ್ಲುತ್ತದೆ. ಪಕ್ಕಕ್ಕೆ ಒಂದು ಸಣ್ಣ ಬೋಟು ಬರುತ್ತದೆ. ಹಡಗಿನ ಬಾಗಿಲಿನಲ್ಲಿ ನಿಂತವರು ಬೋಟು ಅಲೆಯಲ್ಲಿ ಮೇಲಕ್ಕೆ ಬಂದ ಗಳಿಗೆ ನೋಡಿ ಕಾಲಿಡಬೇಕು. ಕೆಳಗಿರುವ ದ್ವೀಪದ ಹುಡುಗರು ತೋಳು ಹಿಡಿದು ಎಳೆದುಕೊಳ್ಳುತ್ತಾರೆ. ಅವರಿಗೆ ಅದು ದಿನದ ಕೆಲಸ, ನಿಮಗೂ ಸಾಧ್ಯ ಆದೀತು. ಮೆಟ್ಟಿಲು ಇಳಿಯುವಾಗಲೇ ಕಷ್ಟಪಡುವ ನಿಮ್ಮ ಯಜಮಾನರಿಗೆ ಅದನ್ನು ಹೇಳಿಕೊಡಬೇಡಿ.

ಅಗತ್ತಿಗೆ ಕೊಚ್ಚಿಯಿಂದ ಸಣ್ಣ ವಿಮಾನ ಇದೆ, ಸುಮಾರು ಒಂದೂವರೆ ಗಂಟೆಯ ಹಾರಾಟ. ಕಾಸರಗೋಡಿನಲ್ಲಿ ಸಂಜೆ ಮಾವೇಲಿಯೋ ಮಲಬಾರ್ ಎಕ್ಸ್‌ಪ್ರೆಸ್ಸೋ ಹತ್ತಿದರೆ ಬೆಳಕು ಹರಿಯುವ ಮೊದಲೇ ಆಲುವಾ, ಅಲ್ಲಿಂದ ಕೊಚ್ಚಿ ವಿಮಾನ ನಿಲ್ದಾಣ ಇರುವ ನೆಡುಂಬಾಶ್ಶೇರಿ ಹತ್ತಿರ. ಅಗತ್ತಿಯ ರನ್‌ವೇ ದ್ವೀಪದ ಬಾಲದ ಮೇಲೆಯೇ ಇದೆ, ಎರಡೂ ಬದಿ ನೀರು. ಇಳಿಯುವಾಗ ಕಿಟಕಿ ಪಕ್ಕದ ಸೀಟು ನಿಮಗಿರಲಿ. ಅಗತ್ತಿಯಲ್ಲಿ ಉಳಿಯಿರಿ. ಕಡಮತ್‌ಗೆ ಬೋಟು ಸಿಗುತ್ತದಾ, ಸಮುದ್ರ ಹೇಗಿದೆ, ಯಜಮಾನರ ಕಾಲು ಏನನ್ನುತ್ತದೆ ಅಂತ ಅಲ್ಲೇ ನೋಡಿ ತೀರ್ಮಾನ ಮಾಡಿ. ಸಿಕ್ಕರೆ ಅಜ್ಜನ ದ್ವೀಪ. ಸಿಗದಿದ್ದರೂ ನಷ್ಟ ಇಲ್ಲ.

ಒಂದು ಎಚ್ಚರಿಕೆ. ಲಕ್ಷದ್ವೀಪಕ್ಕೆ ನಮ್ಮ ದೇಶದವರಿಗೂ ಪರ್ಮಿಟ್ ಬೇಕು. ಯಾವ ದ್ವೀಪ ಅಂತ ಅದರಲ್ಲೇ ಬರೆದಿರುತ್ತದೆ, ಹಾಗಾಗಿ ಅಗತ್ತಿಯ ಜೊತೆ ಕಡಮತ್ ಹೆಸರನ್ನೂ ಮೊದಲೇ ಸೇರಿಸಿ. 2024ರ ಜನವರಿಯಲ್ಲಿ ಪ್ರಧಾನಿ ಹೋಗಿ ಬಂದ ಮೇಲೆ ಅಲ್ಲಿಗೆ ಹೋಗಬೇಕೆನ್ನುವವರು ಜಾಸ್ತಿ, ಕೋಣೆಗಳು ಕಡಿಮೆ. ಮಳೆಗಾಲ ಮುಗಿಯುವ ಮೊದಲೇ ವಿಚಾರಿಸಿ. ಮತ್ತೆ ನಮ್ಮ ಕಡೆಯವರ ಹೆಸರಿನ ಪಾಡು ನಿಮಗೆ ಗೊತ್ತೇ ಇದೆ. ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಭಟ್ಟರು ಬೇರೆಯವರೇ ಆಗಿರುತ್ತಾರೆ. ಆಧಾರಿನಲ್ಲಿ ಇದ್ದ ಹಾಗೆಯೇ ಟಿಕೆಟಿನಲ್ಲೂ ಪರ್ಮಿಟಿನಲ್ಲೂ ಇರಲಿ, ಇನಿಷಿಯಲ್ ಸಮೇತ.

ಮಗ ಮಧ್ಯದ ದಾರಿ ಅಂತ ಅಂಡಮಾನ್ ಹೇಳಬಹುದು. ಕೆಟ್ಟ ಜಾಗ ಅಲ್ಲ. ಮುಖ್ಯ ದ್ವೀಪಗಳಿಗೆ ನಮಗೆ ಪರ್ಮಿಟ್ ಬೇಡ, ಸಸ್ಯಾಹಾರದ ಹೋಟೆಲ್ ಧಾರಾಳ, ಸೆಲ್ಯುಲರ್ ಜೈಲು ಒಮ್ಮೆಯಾದರೂ ನೋಡಬೇಕಾದದ್ದು. ಆದರೆ ನಡಿಗೆ ಜಾಸ್ತಿ, ದ್ವೀಪದಿಂದ ದ್ವೀಪಕ್ಕೆ ಫೆರಿ ಹತ್ತಿ ಇಳಿಯುವುದೇ ಕೆಲಸ. ಹುಡುಗರಿಗೆ ಹೇಳಿದ್ದು. ಮಗ ಸೊಸೆ ಇಬ್ಬರೇ ಹೋಗಿ ಬರಲಿ.

ಸೊಸೆಗೆ ಬೇಜಾರಾದೀತು ಅಂತ ಬರೆದಿದ್ದೀರಿ. ಆಕೆ ಒಂದು ಮಾತು ಆಡಿದ್ದಾಳೆ ಅಂತ ಮಾತ್ರ ಪತ್ರದಲ್ಲಿ ಎಲ್ಲೂ ಇಲ್ಲ. ಹುಚ್ಚು ಹತ್ತಿರುವುದು ಮಗನಿಗೆ. ಅಪ್ಪ ಅಮ್ಮ ಬೀಗರಿಗಿಂತ ಕಮ್ಮಿ ಆಗಬಾರದು ಅಂತ ಅವನಿಗೆ. ಪ್ರೀತಿಯೇ ಅದು, ಬೈಯಬೇಡಿ. ಆದರೆ ಉಡುಗೊರೆ ಕೊಡುವವನು ಹಣ ಕೊಡಲಿ, ಊರು ನೀವು ಹೇಳಿ. ಇದನ್ನು ಮಗನಿಗೆ ಹೇಳುವ ಮೊದಲು ಸೊಸೆಗೆ ಫೋನ್ ಮಾಡಿ ಅಜ್ಜನ ಕತೆ ಪೂರ್ತಿ ಹೇಳಿ. ಆಮೇಲೆ, "ಈ ಪರ್ಮಿಟ್ಟು, ಬುಕಿಂಗು ಎಲ್ಲ ನನಗೆ ಗೊತ್ತಾಗುವುದಿಲ್ಲ, ನೀನೇ ಮಾಡಿಕೊಡ್ತೀಯಾ ಮಗಾ?" ಎಂದು ಕೇಳಿ. ಅವಳು ಒಪ್ಪಿದರೆ ಮಗನಿಗೆ ಹೇಳುವ ಕೆಲಸವನ್ನೂ ಅವಳೇ ಮಾಡುತ್ತಾಳೆ. ಅವನು ಆಗಲೂ ಮಾಲ್ದೀವ್ಸೇ ಅಂದರೆ ಭೂಪಟ ತೆಗೆದು ತೋರಿಸಿ. ಲಕ್ಷದ್ವೀಪವೂ ಮಾಲ್ದೀವ್ಸೂ ಕಡಲಡಿಯ ಒಂದೇ ದಿಬ್ಬದ ಮೇಲೆ ಬೆಳೆದ ಹವಳದ ಸಾಲು. ಮಿನಿಕಾಯಿಯವರು ಆಡುವುದು ಮಾಲ್ದೀವ್ಸಿನವರದೇ ಭಾಷೆ.

ಅತ್ತೆಯ ವಿಷಯದಲ್ಲಿ ಒಂದೇ ಮಾತು. ವಾರಗಿತ್ತಿಗೆ ನೀವು ಫೋನ್ ಮಾಡಬೇಡಿ. ಅತ್ತೆ ನಿಮ್ಮ ಗಂಡನ ಅಮ್ಮ, ಅಲ್ಲಿರುವವನು ಅವರ ಇನ್ನೊಬ್ಬ ಮಗ. ಅಣ್ಣ ತಮ್ಮಂದಿರು ಮಾತಾಡಿಕೊಳ್ಳಲಿ. "ಡಿಸೆಂಬರಿನಲ್ಲಿ ಒಂದು ವಾರ ಅಮ್ಮನನ್ನು ಕರೆದುಕೊಂಡು ಹೋಗು" ಅಂತ ಅವರು ಹೇಳುವುದಕ್ಕೆ ಎರಡು ನಿಮಿಷ ಸಾಕು. ನೀವು ಕೇಳಿದರೆ ಅದೇ ಮಾತು ಋಣ ಆಗಿ ಹತ್ತು ವರ್ಷ ಉಳಿಯುತ್ತದೆ. ಅತ್ತೆಗೆ ಪುತ್ತೂರಿನವರೆಗೆ ಕಾರಿನಲ್ಲಿ ಕೂರಲು ಆಗದಿದ್ದರೆ ಪುತ್ತೂರಿನವರೇ ನಿಮ್ಮ ಮನೆಗೆ ಬಂದು ಇರಲಿ.

ಊಟದ ಚಿಂತೆ ಜಾಸ್ತಿ ಬೇಡ. ದ್ವೀಪದಲ್ಲಿ ಮೀನೇ ಮುಖ್ಯ, ಆದರೆ ಅನ್ನ, ತೆಂಗಿನಕಾಯಿ ಎಲ್ಲ ಕಡೆ ಇದೆ. ಸಸ್ಯಾಹಾರ ಅಂತ ಬುಕಿಂಗ್ ಮಾಡುವಾಗಲೇ ಹೇಳಿ. ಒಂದು ಡಬ್ಬಿ ಮಿಡಿ ಉಪ್ಪಿನಕಾಯಿ ಜೊತೆಗಿರಲಿ. ಸಣ್ಣ ವಿಮಾನ, ಸಾಮಾನು ಹಗುರ ಇರಬೇಕು. ಹಾಗಾಗಿ ಭರಣಿ ಬೇಡ.

ಸೀರೆ, ಈಜಿನ ಬಗ್ಗೆ ನಾನು ನಗಲಿಲ್ಲ. ಅಲ್ಲಿಯ ಸಮುದ್ರ ನಮ್ಮ ಕಡೆಯ ಹಾಗೆ ಬಂದು ಅಪ್ಪಳಿಸುವುದಿಲ್ಲ. ದ್ವೀಪದ ಪಶ್ಚಿಮಕ್ಕೆ ಹವಳದ ದಂಡೆ ಇದೆ. ಅಲೆ ದೂರದಲ್ಲಿ ಅದರ ಮೇಲೆಯೇ ಒಡೆಯುತ್ತದೆ, ಬಿಳಿ ಗೆರೆ ಮಾತ್ರ ಕಾಣುತ್ತದೆ. ಈಚೆಗೆ ಇರುವ ನೀರು ನಿಂತ ಹಾಗೇ ಇರುತ್ತದೆ, ಎಷ್ಟೋ ದೂರ ಸೊಂಟದ ಮಟ್ಟ. ನಿಂತಲ್ಲೇ ನಿಮ್ಮ ಕಾಲಿನ ಉಂಗುರ ಕಾಣುತ್ತದೆ, ಅದರ ಸುತ್ತ ಮೀನಿನ ಮರಿಗಳು. ಈಜು ಬಾರದವರು ಅಂತ ಮೊದಲೇ ಹೇಳಿ, ಲೈಫ್ ಜಾಕೆಟ್ ಹಾಕಿಯೇ ಇಳಿಸುತ್ತಾರೆ. ಇಳಿಯುವುದೇ ಬೇಡ ಅನ್ನಿಸಿದರೆ ತಳಕ್ಕೆ ಗಾಜು ಹಾಕಿದ ದೋಣಿ ಇದೆ, ಯಜಮಾನರಿಗೂ ಅದೇ ಒಳ್ಳೆಯದು. ಆದರೆ ಸೀರೆಯಲ್ಲಿ ನೀರಿಗೆ ಇಳಿಯಬೇಡಿ, ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡು ಬೀಳಿಸುತ್ತದೆ. ಬದಿಯಡ್ಕದಲ್ಲೇ ಎರಡು ಜೊತೆ ಉದ್ದ ಕೈಯ ಕಾಟನ್ ಚೂಡಿದಾರ್ ಹೊಲಿಸಿ. ಅಲ್ಲಿ ಹೆಚ್ಚಿನವರು ಮುಸ್ಲಿಮರು, ಊರ ಒಳಗೆ ಮೈಮುಚ್ಚುವ ಉಡುಪೇ ಎಲ್ಲರದ್ದೂ, ನಿಮಗೆ ಮುಜುಗರ ಆಗದು. ಶಾಲಿಗೆ ಪಿನ್ ಹಾಕಿ. ಹವಳ ಬರಿಗಾಲನ್ನು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಹಿಂಬದಿ ಪಟ್ಟಿ ಇರುವ ರಬ್ಬರ್ ಚಪ್ಪಲಿ ಇಬ್ಬರಿಗೂ ಇರಲಿ, ಇಲ್ಲಿಂದಲೇ ಒಯ್ಯಿರಿ.